ಕೊಡಗಿನ ಮನೆಗಳಲ್ಲಿ ಚಿತ್ರಕ್ಕೆ ಕಟ್ಟು ಹಾಕಿಸುವುದು: ಮಳೆಗಾಲ ತಾಳುವ ಫ್ರೇಮಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಬೀರುವಿನ ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೂ ಬರುತ್ತದೆ. ಆದರೆ ಅದು ಗಾಜಿನ ಹಿಂದೆ ಇರುವುದರಿಂದ ನಮಗೆ ತಡವಾಗಿ ಗೊತ್ತಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಗಾಳಿಯ ತೇವಾಂಶ ಶೇ 90 ದಾಟುವುದು ಇಲ್ಲಿ ಮಾಮೂಲು. ಕಾಗದಕ್ಕೆ ಬೂಷ್ಟು ಹತ್ತಲು ಅಷ್ಟೆಲ್ಲ ಬೇಡ, ಶೇ 65–70ರ ಆಸುಪಾಸಿನಲ್ಲಿ ಕೆಲವು ದಿನ ನಿಂತರೆ ಸಾಕು.

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಫ್ರೇಮ್ ಆರಿಸುವಾಗ ಮುಂದಿನ ಪಟ್ಟಿಯ ಚಂದ ಎಷ್ಟು ನೋಡುತ್ತೇವೋ, ಅದಕ್ಕಿಂತ ಜಾಸ್ತಿ ಹಿಂಭಾಗ ನೋಡಬೇಕು. ಗಾಜಿನಿಂದ ಹಿಡಿದು ಗೋಡೆಯವರೆಗೆ ಏನೇನು, ಯಾವ ಕ್ರಮದಲ್ಲಿ ಇದೆ ಅನ್ನುವುದೇ ಚಿತ್ರದ ಆಯುಸ್ಸನ್ನು ತೀರ್ಮಾನಿಸುತ್ತದೆ. ಅಂಗಡಿಯಲ್ಲಿ ನಮಗೆ ತೋರಿಸುವುದು ಬರೀ ಪಟ್ಟಿಯ ತುಂಡುಗಳನ್ನು. ಹಿಂದಿನದನ್ನು ನಾವೇ ಕೇಳಬೇಕು.

ಯಾವಾಗ ಹಾಕಿಸಬೇಕು

ಪುತ್ತರಿ ಕಳೆದು ಕಣದಲ್ಲಿ ಕಾಫಿ ಒಣಗುವ ಕಾಲವೇ ಕಟ್ಟು ಹಾಕಿಸಲು ಸರಿಯಾದ ಕಾಲ. ಅಂದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಕಾಫಿ ಹೂ ಅರಳಿಸುವ ಮಳೆ ಬೀಳುವ ಮುಂಚೆ. ಕಾರಣ ಸರಳ. ಕಾಗದ, ಮೌಂಟ್ ಬೋರ್ಡ್ (ಚಿತ್ರದ ಸುತ್ತ ಮತ್ತು ಹಿಂದೆ ಇಡುವ ದಪ್ಪ ಕಾಗದದ ಬೋರ್ಡು), ಮರ ಮೂರೂ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತವೆ. ಜುಲೈನಲ್ಲಿ ಕಟ್ಟು ಹಾಕಿಸಿದರೆ ಆ ನೀರನ್ನೂ ಒಳಗೇ ಸೇರಿಸಿ ಮುಚ್ಚಿದ ಹಾಗೆ. ಬೇಸಿಗೆಯಲ್ಲಿ ಹಾಕಿಸಿದರೆ ಒಳಗೆ ಒಣ ಹವೆ ಉಳಿಯುತ್ತದೆ, ಚೆನ್ನಾಗಿ ಸೀಲ್ ಮಾಡಿದ್ದರೆ ಮಳೆಗಾಲದ ಬಹುಪಾಲು ಅದೇ ಕಾಪಾಡುತ್ತದೆ.

ತೇವಾಂಶ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ತಂದಿಡಿ, ಆನ್‌ಲೈನ್‌ನಲ್ಲಿ ಅಗ್ಗಕ್ಕೇ ಸಿಗುತ್ತದೆ. ಕೋಣೆಯ ತೇವಾಂಶ ಶೇ 45ರಿಂದ 55ರ ನಡುವೆ ಇರುವಾಗ ಚಿತ್ರ, ಮೌಂಟ್, ಹಿಂದಿನ ಬೋರ್ಡ್ ಎಲ್ಲವನ್ನೂ ಅದೇ ಕೋಣೆಯಲ್ಲಿ ಎರಡು ಮೂರು ದಿನ ಬಿಡಿ. ಆಮೇಲೆ ಕಟ್ಟು ಹಾಕಿಸಿ. ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ಈ ಅವಧಿ ಇನ್ನೂ ಉದ್ದ ಸಿಗುತ್ತದೆ, ಅಲ್ಲಿ ಮಳೆ ಕಡಿಮೆ.

ಚಿತ್ರ ಮಳೆಗಾಲದಲ್ಲೇ ಕೈಗೆ ಬಂದರೆ? ಆತುರ ಬೇಡ. ಆಸಿಡ್ ಫ್ರೀ (ಆಮ್ಲ ಇಲ್ಲದ) ಕಾಗದದ ನಡುವೆ ಮಲಗಿಸಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಸುರುಳಿ ಸುತ್ತಬೇಡಿ. ಜೆಲ್ ಬಣ್ಣ ಬದಲಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಹಳೇ ಕಟ್ಟು ಬಿಚ್ಚುವಾಗ

ನಮ್ಮಲ್ಲಿ ಹೆಚ್ಚಿನವರಿಗೆ ಈ ಕೆಲಸ ಶುರುವಾಗುವುದು ಹೊಸ ಚಿತ್ರದಿಂದಲ್ಲ, ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಯಲ್ಲಿರುವ ಹಿರಿಯರ ಫೋಟೋದಿಂದ. ಕುಪ್ಯ, ಚೇಲೆ, ಪೀಚೆಕತ್ತಿ ಧರಿಸಿ ಕುರ್ಚಿಯಲ್ಲಿ ಕೂತ ತಾತ. ಅಥವಾ ಮಿಲಿಟರಿ ಯೂನಿಫಾರ್ಮಿನ ಗುಂಪು ಚಿತ್ರ. ಇಂಥವನ್ನು ಇಳಿಸಿ ಹಿಂದೆ ತಿರುಗಿಸಿ ನೋಡಿ. ಖಾಕಿ ಕಾಗದ ಒಣ ಎಲೆಯ ಹಾಗೆ ಪುಡಿಯಾಗುತ್ತದೆ. ಅದರ ಕೆಳಗೆ ತುಕ್ಕು ಹಿಡಿದ ಮೊಳೆ, ಆಮೇಲೆ ಹಾರ್ಡ್‌ಬೋರ್ಡ್ ಅಥವಾ ತೆಳು ಹಲಗೆ. ಹಲಗೆಯ ಗಂಟು ಎಲ್ಲಿತ್ತೋ ಫೋಟೋದ ಬೆನ್ನ ಮೇಲೂ ಅಲ್ಲೇ ಕಂದು ಕಲೆ. ಮೌಂಟ್ ಇದ್ದರೆ ಅದರ ಕಿಟಕಿಯ ಅಂಚಿನ ಉದ್ದಕ್ಕೂ ಚಿತ್ರದ ಮೇಲೆ ಕಂದು ಗೆರೆ. ಮರದ ತಿರುಳಿನ ಅಗ್ಗದ ಬೋರ್ಡಿನಲ್ಲಿರುವ ಆಮ್ಲ ತೇವದ ಜೊತೆ ಸೇರಿ ಕಾಗದವನ್ನು ನಿಧಾನಕ್ಕೆ ಸುಡುವುದು ಹೀಗೆ.

ಕೆಳಗಿನ ಪಟ್ಟಿಯ ಒಳಗೆ ಕೆಂಪು ಮಣ್ಣಿನಂಥದ್ದು ಕಟ್ಟಿಕೊಂಡಿದ್ದರೆ ಅದು ಕುಂಕುಮ. ಗಾಜಿಗೆ ಹಚ್ಚಿದ ಗಂಧ, ಕುಂಕುಮ ಮಳೆಗಾಲದ ತೇವಕ್ಕೆ ಕರಗಿ ಕೆಳಗಿಳಿದು ಗಾಜು ಮತ್ತು ಪಟ್ಟಿಯ ಸಂದಿಯಲ್ಲಿ ಒಳಗೆ ಹೋಗುತ್ತದೆ. ಮೇಲಿನಿಂದ ಹಸಿ ಹೂವಿನ ಮಾಲೆಯ ನೀರೂ ಹಾಗೇ ಇಳಿಯುತ್ತದೆ. ಹಿರಿಯರಿಗೆ ಮಾಡುವ ಮರ್ಯಾದೆಯನ್ನು ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಅದಕ್ಕೆ ಬೇರೆ ದಾರಿ ಇದೆ: ಮೂಲ ಫೋಟೋವನ್ನು ಒಳ್ಳೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿ ಪ್ರತಿ ತೆಗೆಸಿ. ಪೂಜೆಗೆ, ಮಾಲೆಗೆ, ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪದ ಹತ್ತಿರಕ್ಕೆ ಆ ಪ್ರತಿ ಇರಲಿ. ಮೂಲ ಪ್ರತಿ ಒಳಕೋಣೆಯಲ್ಲಿ ಸುರಕ್ಷಿತವಾಗಿರಲಿ.

ಬಿಚ್ಚುವಾಗ ಎರಡು ವಿಷಯ ಮರೆಯಬೇಡಿ. ಒಂದು, ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬಾರದು. ಹಳೇ ಫೋಟೋಗಳ ಮೇಲ್ಪದರ ಜೆಲಟಿನ್. ಅದು ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದಿರುತ್ತದೆ, ಎಳೆದರೆ ಮುಖವೇ ಕಿತ್ತು ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಗಾಜಿನ ಸಮೇತ ಒಣ ಜಾಗದಲ್ಲಿಡಿ. ಬಿಡಿಸುವುದು ಸಂರಕ್ಷಣಾ ತಜ್ಞರ ಕೆಲಸ. ಎರಡು, ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಒಣ ಕೋಣೆಯಲ್ಲಿ ಬಿಟ್ಟು, ಬೂಷ್ಟು ಪುಡಿಪುಡಿಯಾದ ಮೇಲೆ ಎನ್‌95 ಮಾಸ್ಕ್ ಹಾಕಿ ಹೊರಗೆ ಕೂತು, ಮೆತ್ತನೆ ಬ್ರಷ್‌ನಿಂದ ಹಗುರಕ್ಕೆ ತೆಗೆಯಿರಿ. ಬಣ್ಣ ಎದ್ದು ಬರುವಂತಿದ್ದರೆ ಅದನ್ನೂ ಮಾಡಬೇಡಿ.

ಫೋಟೋದ ಬೆನ್ನಲ್ಲಿ ಪೆನ್ಸಿಲ್‌ನಲ್ಲಿ ಹೆಸರು, ಇಸವಿ, ಸ್ಟುಡಿಯೋ ಮುದ್ರೆ ಇರಬಹುದು. ಮೊದಲು ಅದರ ಚಿತ್ರ ತೆಗೆದಿಡಿ. ಎಷ್ಟೋ ಮನೆಗಳಲ್ಲಿ ಇವರು ಯಾರು ಅನ್ನುವುದಕ್ಕೆ ಉಳಿದಿರುವ ದಾಖಲೆ ಅದೊಂದೇ.

ಫ್ರೇಮಿನ ಪಟ್ಟಿ ಆರಿಸುವುದು

ಮರ ಬೇಕೆಂದರೆ ಚೆನ್ನಾಗಿ ಹದಗೊಂಡ ತೇಗ ಅಥವಾ ಬೀಟೆ. ಹಳೇ ಮನೆ ಬಿಚ್ಚಿದಾಗ ಸಿಕ್ಕ ಕಿಟಕಿ ಚೌಕಟ್ಟು, ತೊಲೆಗಳಿಂದ ಪಟ್ಟಿ ಮಾಡಿಸಬಹುದು. ಅಂಥ ಮರ ಹೆಚ್ಚು ಸೊಟ್ಟಗಾಗುವುದಿಲ್ಲ. ಆದರೆ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದರೊಳಗೆ ಹುಳ ಇದೆ, ಬಿಟ್ಟುಬಿಡಿ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಇದೆ ಅಂತ ಹಸಿ ಮರದಲ್ಲಿ ಮಾಡಿಸಬೇಡಿ. ಒಣಗುತ್ತಾ ತಿರುಚಿಕೊಂಡು ಮೂಲೆ ಬಿಡುತ್ತದೆ.

ಮಳೆ ಜಾಸ್ತಿ ಇರುವ ಕಡೆ, ಕಾಗದದ ಚಿತ್ರಕ್ಕೆ, ನನ್ನ ಆಯ್ಕೆ ಅಲ್ಯೂಮಿನಿಯಂ. ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಸಿಂಥೆಟಿಕ್ ಪಟ್ಟಿಯೂ ಸಣ್ಣ ಚಿತ್ರಕ್ಕೆ ಆಗುತ್ತದೆ, ದೊಡ್ಡ ಗಾಜಿನ ಭಾರಕ್ಕೆ ಮಾತ್ರ ಅದರ ಮೂಲೆಗಳು ಬಾಯಿ ಬಿಡುತ್ತವೆ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಪಟ್ಟಿ ಕೊಡಗಿಗೆ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಊದಿಕೊಳ್ಳುತ್ತದೆ.

ಅಗಲಕ್ಕಿಂತ ಆಳ ಮುಖ್ಯ. ಪಟ್ಟಿಯ ಹಿಂದೆ ಗಾಜು ಕೂರಲು ಕೊರೆದಿರುವ ಜಾಗ, ಆಚಾರಿಗಳು ರಿಬೇಟು ಅನ್ನುವುದು, ಎಷ್ಟು ಆಳ ಇದೆ ಅಂತ ಅಳೆಯಿರಿ. ಲೆಕ್ಕ ಹೀಗೆ: ಗಾಜು 2 ಮಿ.ಮೀ., ಮುಂದಿನ ಮೌಂಟ್ 1.5, ಹಿಂದಿನ ಮೌಂಟ್ 1.5, ಬೆನ್ನಿನ ಶೀಟು 3. ಒಟ್ಟು 8. ಮೊಳೆಗೆ ಜಾಗ ಸೇರಿ 10–11 ಮಿ.ಮೀ. ಬೇಕು. ಅಷ್ಟಿಲ್ಲದಿದ್ದರೆ ಅಂಗಡಿಯವರು ಹಿಂದಿನ ಮೌಂಟನ್ನೇ ತೆಗೆದುಹಾಕುತ್ತಾರೆ, ಅಥವಾ ಒತ್ತಿ ಮೊಳೆ ಹೊಡೆಯುತ್ತಾರೆ. ಉದ್ದಗಲದಲ್ಲಿಯೂ 2–3 ಮಿ.ಮೀ. ಸಡಿಲ ಇರಲಿ, ಮಳೆಯಲ್ಲಿ ಬೋರ್ಡು ಹಿಗ್ಗುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ಕಣ್ಣಿಗೆ ಬಿಟ್ಟಿದ್ದು. ಸೋಫಾಕ್ಕೆ, ಗೋಡೆಗೆ ಹೊಂದಿಸಲು ಹೋಗದೆ ಚಿತ್ರಕ್ಕೆ ಹೊಂದಿಸಿ. ಕಪ್ಪುಬಿಳುಪು ಫೋಟೋಗೆ ತೆಳು ಕಪ್ಪು ಅಥವಾ ಕಡು ಮರದ ಪಟ್ಟಿ ಸಾಕು. ಹೊಳೆಯುವ ಬಂಗಾರದ ಬಣ್ಣ ಹಾಕಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮೌಂಟ್: ದುಡ್ಡು ಇಲ್ಲಿ ಹಾಕಿ

ಪಟ್ಟಿಯಲ್ಲಿ ಉಳಿಸಿ, ಮೌಂಟ್‌ನಲ್ಲಿ ಖರ್ಚು ಮಾಡಿ. ಮೌಂಟ್ ಇರುವುದು ಅಂದಕ್ಕೆ ಅಂತ ಹಲವರು ಅಂದುಕೊಂಡಿದ್ದಾರೆ. ಅದರ ಮುಖ್ಯ ಕೆಲಸ ಚಿತ್ರ ಗಾಜಿಗೆ ತಾಗದಂತೆ ದೂರ ಇಡುವುದು. ಚಳಿಗಾಲದ ಬೆಳಗ್ಗೆ ಮಡಿಕೇರಿಯಲ್ಲಿ ಗಾಜಿನ ಒಳಮೈಯಲ್ಲಿ ಹನಿ ಕಟ್ಟಬಹುದು. ಆ ಒಂದೂವರೆ ಮಿಲಿಮೀಟರ್ ಅಂತರ ಇದ್ದರೆ ಆ ಹನಿ ಚಿತ್ರಕ್ಕೆ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಆಸಿಡ್ ಫ್ರೀ ಅಥವಾ ಕನ್ಸರ್ವೇಷನ್ ಬೋರ್ಡ್ ಅಂತ ಕೇಳಿ. ಬೆಲೆಬಾಳುವ ಚಿತ್ರಕ್ಕೆ ಪೂರ್ತಿ ಹತ್ತಿಯ ಬೋರ್ಡು ಎಲ್ಲಕ್ಕಿಂತ ಒಳ್ಳೆಯದು. ಅಂಗಡಿಯಲ್ಲಿ ಬಹಳ ದಿನದಿಂದ ಇರುವ ತುಂಡಿನ ಕತ್ತರಿಸಿದ ಅಂಚನ್ನು ನೋಡಿ. ಒಳಭಾಗ ಹಳದಿ ಅಥವಾ ಕಂದು ತಿರುಗಿದ್ದರೆ ಅದು ಮಾಮೂಲಿ ಬೋರ್ಡು. ಹಿಂದಿನ ಮೌಂಟ್ ಕೂಡ ಇದೇ ದರ್ಜೆಯದ್ದಾಗಿರಬೇಕು. ಮುಂದೆ ಒಳ್ಳೆಯದು ಹಾಕಿ ಹಿಂದೆ ರಟ್ಟು ಇಟ್ಟರೆ ಏನೂ ಪ್ರಯೋಜನ ಇಲ್ಲ.

ಅಗಲ ಕನಿಷ್ಠ ಎರಡೂವರೆ ಇಂಚು, ಕೆಳಗಡೆ ಅರ್ಧ ಇಂಚು ಜಾಸ್ತಿ. ಬಣ್ಣ ಕೆನೆ ಬಿಳಿ ಇರಲಿ. ಕಡು ಕೆಂಪು, ಕಡು ನೀಲಿ ಅಗ್ಗದ ಮೌಂಟ್‌ಗಳು ತೇವಕ್ಕೆ ಬಣ್ಣ ಬಿಟ್ಟು ಚಿತ್ರದ ಅಂಚಿಗೆ ಹತ್ತುತ್ತವೆ.

ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ಹಾಳೆ ಹಚ್ಚಿದ ಉಬ್ಬು ಕೆಲಸ ಇರುತ್ತದೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಮುದ್ರಣಗಳ ಮೇಲೆ ಕೆಲವರು ಜರಿ, ಬಟ್ಟೆ, ಚಮ್ಕಿ ಅಂಟಿಸಿಕೊಂಡಿರುತ್ತಾರೆ. ಇಂಥವಕ್ಕೆ ಬರೀ ಮೌಂಟ್ ಸಾಲದು. ಗಾಜಿನ ಅಂಚಿಗೆ 5–10 ಮಿ.ಮೀ. ದಪ್ಪದ ಸ್ಪೇಸರ್ (ಗಾಜನ್ನು ಚಿತ್ರದಿಂದ ದೂರ ಇಡುವ ಪಟ್ಟಿ) ಹಾಕಿಸಿ. ಮಿಲಿಟರಿ ಮೆಡಲ್‌ಗಳಿಗೆ ಆಳದ ಪೆಟ್ಟಿಗೆ ಫ್ರೇಮ್ ಬೇಕು. ರಿಬ್ಬನ್‌ಗೆ ಅಂಟು ಹಾಕದೆ, ಹತ್ತಿ ಬಟ್ಟೆ ಸುತ್ತಿದ ಬೋರ್ಡಿಗೆ ದಾರದಲ್ಲಿ ಹೊಲಿಸಿ.

ಚಿತ್ರವನ್ನು ಕೂರಿಸುವುದು

ಈ ಹಂತದಲ್ಲೇ ಹೆಚ್ಚಿನ ಚಿತ್ರಗಳು ಹಾಳಾಗುವುದು. ಫೆವಿಕಾಲ್, ಸೆಲ್ಲೋಟೇಪ್, ಎರಡೂ ಬದಿ ಅಂಟುವ ಟೇಪ್, ಸ್ಪ್ರೇ ಗಮ್, ಲ್ಯಾಮಿನೇಷನ್ ಇವು ಯಾವುದೂ ಬೇಡ. ಸೆಲ್ಲೋಟೇಪಿನ ಅಂಟು ಕಾಗದದೊಳಗೆ ಇಳಿದು ಕಂದಾಗಿ ಆಚೆ ಬದಿಯಲ್ಲಿ ಕಾಣುತ್ತದೆ. ಲ್ಯಾಮಿನೇಷನ್ ಮಾಡಿದರೆ ಮತ್ತೆ ತೆಗೆಯಲು ಸಾಧ್ಯವೇ ಇಲ್ಲ.

ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಹಿಗ್ಗಲು ಜಾಗ ಇಲ್ಲದೆ ಅಲೆಅಲೆಯಾಗಿ ಏಳುತ್ತದೆ. ಅದಕ್ಕೇ ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಹಿಡಿಸಿ, ಉಳಿದದ್ದು ಸಡಿಲ ನೇತಾಡಬೇಕು. ಹಿಡಿಸಲು ತೆಳು ಜಪಾನಿ ಕಾಗದದ ತುಂಡು ಮತ್ತು ಗೋಧಿ ಪಿಷ್ಟದ ಅಂಟು. ಒಂದು ಪಾಲು ಗೋಧಿ ಪಿಷ್ಟಕ್ಕೆ ನಾಲ್ಕು ಪಾಲು ನೀರು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಹೋಗಿ ಅರೆಪಾರದರ್ಶಕ ಆದಾಗ ಇಳಿಸಿ, ಆರಿಸಿ, ಜರಡಿಯಲ್ಲಿ ಸೋಸಿ. ಮೈದಾ ಬೇಡ, ಅದರಲ್ಲಿ ಪಿಷ್ಟದ ಜೊತೆ ಪ್ರೋಟೀನೂ ಇರುತ್ತದೆ, ಹುಳಕ್ಕೆ ಅದು ಇಷ್ಟ. ಪಿಷ್ಟವೂ ಬೆರಳುಗುರಿನಷ್ಟು ಜಾಗಕ್ಕೆ, ತೆಳ್ಳಗೆ ಮಾತ್ರ. ಕಾಗದದ ತುಂಡನ್ನು ಕತ್ತರಿಯಿಂದ ಕತ್ತರಿಸದೆ, ನೀರಿನ ಗೆರೆ ಎಳೆದು ಹರಿಯಿರಿ. ಹರಿದ ಅಂಚಿನ ಎಳೆ ಮೆತ್ತಗಿರುತ್ತದೆ, ಚಿತ್ರದಲ್ಲಿ ಗುರುತು ಬೀಳುವುದಿಲ್ಲ. ಮೇಲೆ ಬ್ಲಾಟಿಂಗ್ ಕಾಗದ, ಭಾರ ಇಟ್ಟು ಒಂದು ಗಂಟೆ ಬಿಡಿ.

ಇಷ್ಟೆಲ್ಲ ಆಗದಿದ್ದರೆ ಪಾಲಿಯೆಸ್ಟರ್ ಫೋಟೋ ಕಾರ್ನರ್ (ಚಿತ್ರದ ಮೂಲೆ ತೂರಿಸುವ ಪುಟ್ಟ ಜೇಬು) ತರಿಸಿ. ಅಂಟು ಬೋರ್ಡಿಗೆ ಮಾತ್ರ ತಾಗುತ್ತದೆ, ಚಿತ್ರಕ್ಕಲ್ಲ. ಹಳೇ ಫೋಟೋಗಳಿಗೆ ನಾನು ಇದನ್ನೇ ಹೇಳುವುದು.

ಅಂಗಡಿಯವರು "ಗಮ್ ಹಾಕದಿದ್ರೆ ಸುಕ್ಕಾಗುತ್ತೆ ಅಕ್ಕ" ಅನ್ನುವುದು ಖಂಡಿತ. "ಪರವಾಗಿಲ್ಲ ಅಣ್ಣ, ಕಾರ್ನರ್ ಹಾಕಿ ನಾನೇ ಕೂರಿಸಿ ತರ್ತೀನಿ, ನೀವು ಗಾಜು, ಪಟ್ಟಿ ಹಾಕಿಕೊಡಿ" ಅಂತ ಹೇಳಿ. ಚಿತ್ರವನ್ನು ಮೌಂಟ್‌ನಲ್ಲಿ ಕೂರಿಸಿಯೇ ಅಂಗಡಿಗೆ ಒಯ್ದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಗಾಜು

ಮಾಮೂಲಿ 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ. 60×90 ಸೆಂ.ಮೀ. ಚಿತ್ರಕ್ಕೆ ಗಾಜೇ 2.7 ಕೆ.ಜಿ. ಅದೇ ದಪ್ಪದ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಆದರೆ 1.3 ಕೆ.ಜಿ. ಆಗುತ್ತದೆ. ದೊಡ್ಡ ಚಿತ್ರಕ್ಕೆ, ಮಕ್ಕಳಿರುವ ಮನೆಗೆ ಅಕ್ರಿಲಿಕ್ ಒಳ್ಳೆಯದು. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳಿಗೆ ಮಾತ್ರ ಬೇಡ. ಅಕ್ರಿಲಿಕ್‌ನ ಸ್ಥಿರ ವಿದ್ಯುತ್ ಪುಡಿಯನ್ನು ಎಳೆದುಕೊಳ್ಳುತ್ತದೆ.

ಯುವಿ (ಅತಿನೇರಳೆ ಕಿರಣ) ತಡೆಯುವ ಗಾಜು ಬೇರೆ, ಪ್ರತಿಫಲನ ಕಡಿಮೆ ಮಾಡುವ ಮಂಜು ಗಾಜು ಬೇರೆ. ಎರಡನೆಯದನ್ನು ಕೊಟ್ಟು ಮೊದಲನೆಯದರ ಬೆಲೆ ಹೇಳುವುದುಂಟು, ಕೇಳಿ ಖಾತ್ರಿ ಮಾಡಿಕೊಳ್ಳಿ. ಒಳ್ಳೆಯ ಯುವಿ ಗಾಜು ಶೇ 97ಕ್ಕೂ ಜಾಸ್ತಿ ಯುವಿ ತಡೆಯುತ್ತದೆ. ಆದರೂ ಮಾಮೂಲಿ ಬೆಳಕಿನಿಂದಲೇ ಜಲವರ್ಣ ಮಾಸುತ್ತದೆ. ಮ್ಯೂಸಿಯಂಗಳಲ್ಲಿ ಕಾಗದದ ಚಿತ್ರಕ್ಕೆ 50 ಲಕ್ಸ್ (ಬೆಳಕಿನ ಅಳತೆ), ತೈಲಚಿತ್ರಕ್ಕೆ 200 ಲಕ್ಸ್ ಸುತ್ತಮುತ್ತ ಬೆಳಕು ಇಡುತ್ತಾರೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ಅಂದಾಜು ಸಿಗುತ್ತದೆ. ತೋಟದ ಕಡೆ ತೆರೆದಿರುವ ದೊಡ್ಡ ಕಿಟಕಿಯ ಎದುರು ಗೋಡೆಯಲ್ಲಿ ಒಮ್ಮೆ ಅಳೆದು ನೋಡಿ.

ಬೆನ್ನು ಮುಚ್ಚುವುದು

ಹಾರ್ಡ್‌ಬೋರ್ಡ್ ಹಾಕಬೇಡಿ ಎಂದರೆ ಅಂಗಡಿಯವರಿಗೆ ಆಶ್ಚರ್ಯ ಆಗಬಹುದು. ಅದು ಆಮ್ಲದ್ದು, ನೀರು ಹೀರಿ ಡೊಂಕಾಗುತ್ತದೆ, ಬೆಳ್ಳಿಮೀನು ಹುಳಕ್ಕೂ ಒಳ್ಳೆ ಮನೆ. ಬದಲಿಗೆ ಒಳಗೆ ಕೊಳವೆಗಳಿರುವ ಪಾಲಿಪ್ರೊಪಿಲೀನ್ ಶೀಟು ಹಾಕಿಸಿ. ಚುನಾವಣೆ ಫಲಕ, ಪ್ಯಾಕಿಂಗ್ ಡಬ್ಬಕ್ಕೆ ಬಳಸುವ ಅದೇ ಶೀಟು, 3 ಮಿ.ಮೀ. ಸಾಕು. ಪ್ರಿಂಟ್ ಇಲ್ಲದ ಹೊಸ ತುಂಡು ತೆಗೆದುಕೊಳ್ಳಿ.

ಈಗ ಇಡೀ ಗೈಡಿನಲ್ಲಿ ಕೊಡಗಿಗೆ ಎಲ್ಲಕ್ಕಿಂತ ಬೇಕಾದ ಹಂತ. ಗಾಜು, ಮೌಂಟ್, ಚಿತ್ರ, ಹಿಂದಿನ ಮೌಂಟ್, ಪಾಲಿಪ್ರೊಪಿಲೀನ್ ಶೀಟು ಇಷ್ಟನ್ನೂ ಒಟ್ಟಿಗೆ ಜೋಡಿಸಿ, ಫ್ರೇಮಿಗೆ ಹಾಕುವ ಮುಂಚೆಯೇ ನಾಲ್ಕೂ ಅಂಚಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಟೇಪ್ ಗಾಜಿನ ಮುಂದೆ ಎರಡು ಮೂರು ಮಿಲಿಮೀಟರ್ ಬರಲಿ, ಪಟ್ಟಿ ಅದನ್ನು ಮುಚ್ಚುತ್ತದೆ. ಚಿತ್ರಕ್ಕೆ ಎಲ್ಲೂ ತಾಗಬಾರದು. ಹೀಗೆ ಮಾಡಿದರೆ ತೇವ, ಹುಳ, ಕುಂಕುಮದ ನೀರು, ಒಲೆಯ ಹೊಗೆ ಯಾವುದೂ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಒಣ ಬೋರ್ಡುಗಳು ಒಳಗಿನ ಅಲ್ಪಸ್ವಲ್ಪ ಏರುಪೇರನ್ನೂ ಹೀರಿಕೊಳ್ಳುತ್ತವೆ. ಬರೀ ಖಾಕಿ ಟೇಪ್ ಧೂಳು ತಡೆಯುತ್ತದೆ, ನೀರಾವಿಯನ್ನಲ್ಲ. ಕರ್ಪೂರ, ನುಸಿಗುಳಿಗೆ ಒಳಗೆ ಹಾಕುವ ರೂಢಿ ಇದೆ. ಅವುಗಳ ಆವಿ ಚಿತ್ರದ ಮೇಲೇ ಕೂರುತ್ತದೆ, ಬೇಡ.

ಕ್ಯಾನ್ವಾಸ್ ತೈಲಚಿತ್ರದ ದಾರಿ ಬೇರೆ. ಅದಕ್ಕೆ ಗಾಜು ಬೇಡ, ಹೀಗೆ ಬಿಗಿಯಾಗಿ ಮುಚ್ಚಲೂ ಬೇಡ. ಫ್ರೇಮಿಗೆ ಮೊಳೆ ಹೊಡೆಯುವ ಬದಲು ಲೋಹದ ಪಟ್ಟಿಯಿಂದ ಹಿಡಿಸಿ. ಹಿಂದೆ ಪ್ಲಾಸ್ಟಿಕ್ ಶೀಟನ್ನು ಸ್ಕ್ರೂ ಹಾಕಿ ಕೂರಿಸಿ, ಮೇಲೆ ಕೆಳಗೆ ಒಂದೆರಡು ತೂತು ಬಿಟ್ಟು ಬಲೆ ಅಂಟಿಸಿ. ಮಳೆಯಲ್ಲಿ ಕ್ಯಾನ್ವಾಸ್ ಜೋತರೆ ಮೂಲೆಯ ಬೆಣೆಗಳನ್ನು ಆತುರದಲ್ಲಿ ಬಿಗಿ ಮಾಡಬೇಡಿ, ಬೇಸಿಗೆಯಲ್ಲಿ ತಾನೇ ಎಳೆದುಕೊಳ್ಳುತ್ತದೆ.

ತೂಗುಹಾಕುವ ಗೋಡೆ

ನೈಋತ್ಯ ದಿಕ್ಕಿನ ಹೊರಗೋಡೆಗೆ ಮಳೆ ಸೀದಾ ಹೊಡೆಯುತ್ತದೆ. ಅಲ್ಲಿ ಚಿತ್ರ ಬೇಡ. ಬಚ್ಚಲಿಗೆ ಅಂಟಿದ ಗೋಡೆಯೂ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ಎಲ್ಲಕ್ಕಿಂತ ಒಣಗಿರುತ್ತದೆ. ಹೊಸದಾಗಿ ಗಾರೆ ಮಾಡಿದ ಗೋಡೆ ಒಂದು ಬೇಸಿಗೆ ಕಳೆಯುವವರೆಗೆ ನೀರು ಬಿಡುತ್ತಲೇ ಇರುತ್ತದೆ, ಕಾಯಿರಿ.

ಒಳಗೋಡೆಯಾದರೂ ಫ್ರೇಮ್ ಗೋಡೆಗೆ ಅಂಟಿಕೊಂಡಿರಬಾರದು. ಕೆಳಗಿನ ಎರಡು ಮೂಲೆಗೆ ಬೂಚು ಅಥವಾ ರಬ್ಬರಿನ ಬಿಲ್ಲೆ ಅಂಟಿಸಿ, ಒಂದು ಸೆಂಟಿಮೀಟರ್‌ನಷ್ಟು ಸಂದು ಇರಲಿ. ಹಳೇ ಮನೆಗಳಲ್ಲಿ ಫೋಟೋವನ್ನು ಎತ್ತರದಲ್ಲಿ ಮುಂದಕ್ಕೆ ಬಾಗಿಸಿ ಹಾಕುತ್ತಿದ್ದರಲ್ವಾ, ಅದರಲ್ಲಿ ಹಿಂದೆ ಗಾಳಿಯೂ ಆಡುತ್ತಿತ್ತು, ಗಾಜಿನ ಹೊಳಪೂ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಹಾಗೆಯೇ ಹಾಕಿದರೂ ಒಳ್ಳೆಯದೇ.

ಒಂದೇ ಮೊಳೆಗೆ ನೂಲು ಕಟ್ಟಿ ನೇತುಹಾಕಬೇಡಿ. ಎರಡೂ ಬದಿಗೆ ಸ್ಕ್ರೂ ಹಾಕುವ ಡಿ ರಿಂಗ್, ಗೋಡೆಯಲ್ಲಿ ಎರಡು ಕೊಕ್ಕೆ. ಹಳೇ ಮಣ್ಣಿನ ಗೋಡೆಯಾದರೆ ಮೊಳೆ ಹಿಡಿಯುವುದಿಲ್ಲ, ಮೇಲಿನ ಮರದ ತೊಲೆಗೆ ಸ್ಟೀಲ್ ತಂತಿ ಕಟ್ಟಿ ಇಳಿಬಿಡಿ.

ಆಮೇಲೆ

ಮೇ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಕಂಡ ಮೇಲೆ ಒಮ್ಮೆ ಎಲ್ಲ ಚಿತ್ರ ಇಳಿಸಿ ನೋಡಿ. ಹಿಂದಿನ ಟೇಪ್ ಎದ್ದಿದೆಯೇ, ಗೋಡೆಯಲ್ಲಿ ತೇವದ ಗುರುತಿದೆಯೇ, ಗಾಜಿನ ಒಳಗೆ ಚುಕ್ಕೆ ಬಂದಿದೆಯೇ, ಗೆದ್ದಲಿನ ಮಣ್ಣಿನ ಗೆರೆ ಹತ್ತಿರ ಬಂದಿದೆಯೇ ಗಮನಿಸಿ. ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಅಕ್ರಿಲಿಕ್‌ಗೆ ಅಮೋನಿಯ ಇರುವ ಕ್ಲೀನರ್ ಬಳಸಿದರೆ ಮಂಕಾಗುತ್ತದೆ, ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು.

ಮಳೆಗಾಲದ ನಡುವೆ ಗಾಜಿನ ಒಳಗೆ ಹನಿ ಕಂಡರೆ ಫ್ರೇಮನ್ನು ಒಲೆಯ ಹತ್ತಿರವೋ ಹೀಟರ್ ಮುಂದೆಯೋ ಇಡಬೇಡಿ. ಬಿಸಿ ತಾಗಿದಷ್ಟೂ ಒಳಗಿನ ನೀರು ಆವಿಯಾಗಿ ಚಿತ್ರಕ್ಕೇ ಹೋಗುತ್ತದೆ. ಇಳಿಸಿ, ಒಳಕೋಣೆಯಲ್ಲಿ ಮುಖ ಕೆಳಗೆ ಮಾಡಿ ಮಲಗಿಸಿ, ಬೆನ್ನಿನ ಟೇಪ್ ಬಿಚ್ಚಿ, ಫ್ಯಾನ್ ಗಾಳಿ ಕೋಣೆಯಲ್ಲಿ ಆಡಲು ಬಿಡಿ. ಪೂರ್ತಿ ಒಣಗಿದ ಮೇಲೂ ಅದೇ ದಿನ ಸೀಲ್ ಮಾಡಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಕಾಫಿ ಒಣಗುವ ಕಾಲಕ್ಕೆ ಹೊಸ ಬೋರ್ಡು ಹಾಕಿಸಿ ಮತ್ತೆ ಮುಚ್ಚಿಸಿ.